ಓಡಿಹೋದ ಹೊಸಮನಿಯವರನ್ನು ಹುಡುಕಿಕೊಂಡು

ಫ್ರಿಸ್ಕೋ

ಡಲ್ಲಾಸಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಗೂಡಿನೊಳಗಿದ್ದ ಅಧಿಕಾರಿ ನನ್ನ ಪಾಸ್‌ಪೋರ್ಟ್ ತಿರುವಿ ಹಾಕುತ್ತಾ ಯಾಕೆ ಬಂದಿರಿ ಎಂದು ಕೇಳಿದ. ತಂಗಿಯ ಮಗಳ ಮನೆಗೆ ಎಂದೆ. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಸವೆದವಳು ನಾನು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ರಕ್ತಕ್ಕೆ ಇಳಿದುಬಿಟ್ಟಿದೆ. ಅವನಿಗೂ ಹೆಚ್ಚು ಬೇಕಿರಲಿಲ್ಲ, ಹೋಗಿ ಎಂಬಂತೆ ಕೈಯಾಡಿಸಿದ.

ಡಲ್ಲಾಸಿಗೆ ಹತ್ತಿದ ಫ್ರಿಸ್ಕೋದಲ್ಲಿ ತಂಗಿಯ ಮಗಳು ವೀಣಾಳ ಮನೆಯಿರುವ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ತರಹ. ಒಂದೇ ಇಟ್ಟಿಗೆ, ಒಂದೇ ಸೂರು, ಒಂದೇ ಅಳತೆಗೆ ಕತ್ತರಿಸಿದ ಹುಲ್ಲು. ಎರಡನೆಯ ಬೆಳಗ್ಗೆ ವಾಕಿಂಗ್ ಹೋದವಳು ವಾಪಸ್ ಬಂದು ಯಾರದೋ ಮನೆಯ ಗಂಟೆ ಒತ್ತಿದೆ. ಬಾಗಿಲು ತೆರೆದವನು ಚಡ್ಡಿ ಹಾಕಿಕೊಂಡಿದ್ದ ಬಿಳಿಯ ಮನುಷ್ಯ. ನನ್ನ ಸೀರೆ, ಸ್ವೆಟರು, ಬಿಳಿ ಶೂ ನೋಡಿ ಅವನಿಗೆ ಎಲ್ಲ ಅರ್ಥವಾಯಿತು. ಊರಿನಿಂದ ಬರುವ ಅಜ್ಜ ಅಜ್ಜಿಯರೆಲ್ಲ ಒಂದಲ್ಲ ಒಂದು ದಿನ ಅವನ ಮನೆಗೆ ಬಂದೇ ಬರುತ್ತಾರಂತೆ. ಕಾಫಿ ಲೋಟ ಹಿಡಿದುಕೊಂಡೇ ನಾಲ್ಕು ಮನೆ ದಾಟಿಸಿ ಬಿಟ್ಟುಹೋದ.

ಅವನನ್ನು ಬಿಟ್ಟರೆ ಆ ಬೀದಿಯಲ್ಲಿ ಮನುಷ್ಯರು ಕಂಡದ್ದೇ ಅಪರೂಪ. ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಕೆಳಗಿಳಿಯುತ್ತದೆ. ಒಳಗೆ ಹೋದವರು ಗಂಡೋ ಹೆಣ್ಣೋ ಆ ದೇವರಿಗೇ ಗೊತ್ತು. ನಮ್ಮ ಬೀದಿಯಲ್ಲಿ ಹಾಲಿನವನ ಗಾಡಿಯ ಸದ್ದಿಗೇ ಮೂರು ಕಿಟಕಿ ತೆರೆಯುತ್ತವೆ. ಆ ಕಿಟಕಿಗಳನ್ನು ಬೈದುಕೊಂಡೇ ಒಬ್ಬಳೇ ಬದುಕಿದವಳು ನಾನು. ಇಲ್ಲಿ ಒಂದಾದರೂ ತೆರೆಯಬಾರದೇ ಅನ್ನಿಸುತ್ತಿತ್ತು. ವೀಣಾ ಪಕ್ಕದ ಊರು ಪ್ಲೇನೋದ ಆಫೀಸಿಗೆ, ಅವಳ ಗಂಡ ಇನ್ನೆಲ್ಲಿಗೋ, ಮಗಳು ಅನಘಾ ಸ್ಕೂಲಿಗೆ ಹೋದಮೇಲೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜು. ಅದಾದರೂ ಆಗಾಗ ಗುರ್ರೆನ್ನುತ್ತಿತ್ತು.

ನಾಲ್ಕನೆಯ ದಿನ ಸಂಜೆ ಊಟದ ಮೇಜಿನ ಹತ್ತಿರ ಅನಘಾ ಒಂದು ಹಾಳೆ ಹಿಡಿದುಕೊಂಡು ಬಂದಳು. ಹದಿನಾಲ್ಕು ವರ್ಷದ ಹುಡುಗಿ, ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ.

"ಅಜ್ಜಿ, ಕ್ಯಾನ್ ಐ ಪ್ರಾಕ್ಟೀಸ್ ಆನ್ ಯು?"

ಸ್ಕೂಲಿನಲ್ಲಿ ಚರ್ಚಾಸ್ಪರ್ಧೆಯಂತೆ. ಸರ್ಕಾರದ ಗುಟ್ಟನ್ನು ಬಯಲು ಮಾಡಿ ದೇಶ ಬಿಟ್ಟು ಓಡಿಹೋಗುವವರು ಹೇಡಿಗಳು ಎಂಬುದು ವಿಷಯ. ಹೌದು, ಹೇಡಿಗಳೇ ಎಂದು ವಾದಿಸುವ ಸರದಿ ಇವಳ ಪಾಲಿಗೆ ಬಂದಿತ್ತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಶುರುಮಾಡಿದಳು. "ಇಫ್ ದೇ ಆರ್ ರೈಟ್, ವೈ ರನ್?" ತಪ್ಪು ಮಾಡದವನು ಯಾಕೆ ಓಡಬೇಕು?

ಅದೇ ಮಾತನ್ನು ಒಂಬತ್ತು ವರ್ಷದ ಹಿಂದೆ ನಾನು ಬರೆದುಕೊಟ್ಟು ಸಹಿ ಮಾಡಿದ್ದೆ.

ವೀಣಾ ಅನ್ನ ಬಡಿಸುತ್ತಾ ಅಂದಳು. "ದೊಡ್ಡಮ್ಮಾ, ನಿಮ್ಮ ಆಫೀಸಲ್ಲೂ ಯಾರೋ ಹಾಗೇ ಓಡಿಹೋಗಿದ್ರಲ್ಲ? ಅಮ್ಮ ಹೇಳ್ತಿದ್ರು. ನೀವೊಬ್ರೇ ಧೈರ್ಯವಾಗಿ ನಿಂತ್ಕೊಂಡ್ರಂತೆ!"

ಆ ಧೈರ್ಯದ ಕಥೆಯನ್ನು ಓದುಗರಿಗೆ ಇಲ್ಲೇ ಹೇಳಿಬಿಡುತ್ತೇನೆ. ಮೈಸೂರಿನ ಕಡೆಯವಳಾದ ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕಚೇರಿಯಲ್ಲಿ ಅಧೀಕ್ಷಕಿಯಾಗಿದ್ದೆ. ಬಸವರಾಜ ಹೊಸಮನಿ ನನ್ನ ಶಾಖೆಯ ಗುಮಾಸ್ತರು. ಹೆಂಡತಿ ತೀರಿಕೊಂಡಿದ್ದರು, ಮದುವೆಯಾದ ಒಬ್ಬಳು ಮಗಳು ಗದಗಿನಲ್ಲಿದ್ದಳು. ಒಂದು ಕಾರ್ಖಾನೆಯ ಸುತ್ತಲಿನ ಐದು ಹಳ್ಳಿಗಳ ಬೋರ್‌ವೆಲ್ ನೀರು ಕುಡಿಯಲು ಯೋಗ್ಯವಲ್ಲ ಎಂಬ ಪರೀಕ್ಷಾ ವರದಿ ನಮ್ಮ ಕಚೇರಿಗೆ ಬಂತು. ಬಂದದ್ದು ಬೀರುವಿನಲ್ಲಿ ಏಳು ತಿಂಗಳು ಮಲಗಿತು. ಹೊಸಮನಿಯವರು ಅದರ ಝೆರಾಕ್ಸ್ ಮಾಡಿಸಿ ಪತ್ರಿಕೆಗೆ ಕೊಟ್ಟರು. ಫೋಟೋ ಸಮೇತ ಸುದ್ದಿ ಬಂತು. ಹಳ್ಳಿಗಳಿಗೆ ಹೊಳೆಯ ನೀರು ಬಂದದ್ದು ಆಮೇಲೆ. ಅದಕ್ಕೂ ಮೊದಲೇ, ಸುದ್ದಿ ಬಂದ ನಾಲ್ಕನೆಯ ದಿನ, ಹೊಸಮನಿಯವರು ಮೊದಲೇ ಇದ್ದ ವೀಸಾದಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿದ್ದ ತಮ್ಮನ ಮನೆಗೆ ವಿಮಾನ ಹತ್ತಿದರು. ಒಂದು ವಾರ ಕಳೆದು ಗೌಪ್ಯ ದಾಖಲೆ ಹೊರಹಾಕಿದರೆಂದು ಅವರ ಮೇಲೆ ಕೇಸಾಯಿತು.

ಆದರೆ ಅದು ಗೌಪ್ಯ ದಾಖಲೆಯೇ ಆಗಿರಲಿಲ್ಲ. ಸುದ್ದಿ ಬಂದ ದಿನ ಸಂಜೆ ಸಾಹೇಬರು ನನ್ನನ್ನು ಕರೆದು ಹೇಳಿದರು, "ಮೇಡಂ, ಇದರ ಮೇಲೆ ಗೌಪ್ಯ ಅಂತ ಮೊಹರೇ ಇಲ್ವಲ್ಲ, ಯಾಕೆ?" ಅವರು ಕೇಳಿದ ಧಾಟಿಯಲ್ಲೇ ಉತ್ತರವೂ ಇತ್ತು. ಆ ಮೊಹರು ಇರುತ್ತಿದ್ದದ್ದು ನನ್ನ ಡ್ರಾಯರಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ವರದಿಯ ಇಪ್ಪತ್ತೆರಡು ಹಾಳೆಗೂ ಒತ್ತಿದೆ. ಕಡತದ ಪ್ರತಿ ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಕನ್ನಡ ಅಂಕಿ ಬರೆಯುವುದು ನನ್ನ ಪದ್ಧತಿ. ಮೊಹರು ಆ ಅಂಕಿಯನ್ನು ಮುಟ್ಟಲೇಬೇಕು, ಇಲ್ಲದಿದ್ದರೆ ಯಾರಾದರೂ ಹಾಳೆ ಬದಲಾಯಿಸುತ್ತಾರೆ ಎಂದು ಹೊಸಬರಿಗೆಲ್ಲ ನಾನೇ ಪಾಠ ಹೇಳುತ್ತಿದ್ದೆ. ಆ ಸಂಜೆಯೂ ಕೈ ಅಭ್ಯಾಸದಂತೆ ಅಂಕಿಯ ಮೇಲೆಯೇ ಮೊಹರು ಕೂರಿಸಿತು. ಪತ್ರಿಕೆಯ ಫೋಟೋದಲ್ಲಿ ಅದೇ ಅಂಕಿ ಬೋಳಾಗಿ ಕಾಣುತ್ತಿತ್ತು. ಎರಡನ್ನೂ ಪಕ್ಕಪಕ್ಕ ಹಿಡಿದರೆ ಎಂಥ ದಡ್ಡನಿಗೂ ಗೊತ್ತಾಗುತ್ತಿತ್ತು. ಯಾರೂ ಹಿಡಿಯಲಿಲ್ಲ.

ಇಲಾಖಾ ವಿಚಾರಣೆಯಲ್ಲಿ ನಾನು ಮೊಹರಿನ ಮಾತು ಎತ್ತಲಿಲ್ಲ. ಹೊಸಮನಿ ಹೇಡಿ, ತಪ್ಪು ಮಾಡದಿದ್ದರೆ ಯಾಕೆ ಓಡುತ್ತಿದ್ದರು ಎಂದೆ. ಬಡ್ತಿ ಸಿಕ್ಕಿತು. ನಿವೃತ್ತಿಯ ದಿನ ಧೈರ್ಯಸ್ಥೆ ಎಂದು ಹಾರ ಹಾಕಿದರು. ಆ ಹಾರ ಹಾಕಿಸಿಕೊಂಡು ಮನೆಗೆ ಬಂದಮೇಲೆ ನಿದ್ರೆ ಹೋಯಿತು. ಹೊಸಮನಿಯವರನ್ನು ಕಂಡು, ಮೊಹರು ಒತ್ತಿದ್ದು ನಾನು ಎಂದು ಅವರ ಮುಖ ನೋಡಿ ಹೇಳಬೇಕು. ಟೆಕ್ಸಾಸಿಗೆ ಬಂದದ್ದು ಅದಕ್ಕೆ.

"ಸೋ, ಅಜ್ಜಿ? ವಾಸ್ ಹೀ ಅ ಕವರ್ಡ್?" ಅವರು ಹೇಡಿಯೇ ಎಂದು ಕೇಳಿ ಅನಘಾ ಇನ್ನೂ ಸೊಂಟದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು.

"ಊಟ ಮಾಡು ಮೊದಲು, ಸಾರು ಆರಿಹೋಗುತ್ತೆ" ಎಂದೆ.

ಹ್ಯೂಸ್ಟನ್ ದಾರಿ

ಹ್ಯೂಸ್ಟನ್ನಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರಿದ್ದಾರೆ, ನೋಡಿಕೊಂಡು ಬರುತ್ತೇನೆ ಎಂದು ವೀಣಾಳಿಗೆ ಹೇಳಿದೆ. ವೀಕೆಂಡಿಗೆ ತಾನೇ ಡ್ರೈವ್ ಮಾಡ್ತೀನಿ ಅಂದಳು. ಬೇಡವೇ ಬೇಡ ಎಂದು ಹಟ ಹಿಡಿದು ಬಸ್ಸು ಹತ್ತಿದೆ. ಹೊಸಮನಿಯವರ ಮಗಳು ಫೋನಿನಲ್ಲಿ ಚುಟುಕಾಗಿ ಮಾತಾಡಿ ಕೊಟ್ಟಿದ್ದ ಚಿಕ್ಕಪ್ಪನ ಅಂಗಡಿಯ ವಿಳಾಸ ನನ್ನ ಪರ್ಸಿನಲ್ಲಿತ್ತು. ಬರುತ್ತೇನೆಂದು ಮುಂಚೆ ತಿಳಿಸಿರಲಿಲ್ಲ. ಬರಬೇಡಿ ಅಂದುಬಿಟ್ಟರೆ?

ಪಕ್ಕದಲ್ಲಿ ಕೂತ ಹೆಂಗಸು ಬಸ್ಸು ಹೊರಡುವ ಮೊದಲೇ ಮಾತು ಶುರುಮಾಡಿದಳು. ಎರಡು ಮದುವೆ ಮುರಿದದ್ದು, ಮಂಡಿಯ ಆಪರೇಷನ್ನು, ಮಾತಾಡದ ಮಗ, ಸತ್ತ ನಾಯಿ, ಎಲ್ಲ ಹೇಳಿದಳು. ನಾಯಿಯ ವಿಷಯ ಬಂದಾಗ ಅತ್ತಳು. ನಡುದಾರಿಯಲ್ಲಿ ಇಳಿಯುವಾಗ ನನ್ನ ಕೈ ಹಿಸುಕಿ ಹೋದಳು. ನನ್ನ ಹೆಸರು ಕೇಳಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಮೊದಲು ಊರು, ಮನೆತನ, ಮಕ್ಕಳೆಷ್ಟು ಎಲ್ಲ ಬಗೆದು ತೆಗೆದಮೇಲೆ ತಾನೇ ಉಳಿದ ಮಾತು? ಮಕ್ಕಳೆಷ್ಟು ಎಂಬ ಪ್ರಶ್ನೆಗೆ ನಾನು ಜೀವಮಾನವಿಡೀ ಸಿಡುಕಿದ್ದೇನೆ. ಅವತ್ತು ಯಾರಾದರೂ ಕೇಳಿದ್ದರೆ ಪರವಾಗಿರಲಿಲ್ಲ.

ದಾರಿಯಲ್ಲಿ ಬಸ್ಸು ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿತು. ಬಂಕು ಅಂದರೆ ನಮ್ಮ ಸಂತೆ ಮೈದಾನದಷ್ಟು ದೊಡ್ಡದು, ಒಳಗೆ ಬಟ್ಟೆಯಿಂದ ಹಿಡಿದು ಒಣಮಾಂಸದವರೆಗೆ ಎಲ್ಲ ಮಾರುತ್ತಾರೆ. ಶೌಚಾಲಯ ಮಾತ್ರ ಕಲ್ಯಾಣಮಂಟಪದಂತೆ ಥಳಥಳ. ಹೊರಗೆ ಬಂದರೆ ಯಾವ ಬಾಗಿಲಿಂದ ಹೋದೆ, ಯಾವುದರಿಂದ ಬಂದೆ ತಿಳಿಯದು. ಬಿಸಿಲಿನಲ್ಲಿ ಪೆಚ್ಚಾಗಿ ನಿಂತಿದ್ದವಳನ್ನು ಡ್ರೈವರಮ್ಮನೇ ಹುಡುಕಿಕೊಂಡು ಬಂದಳು. ಎತ್ತರದ ಕಪ್ಪು ಹೆಂಗಸು. "ಸ್ವೀಟಿ, ಎಲ್ಲರೂ ನಿಮಗಾಗಿ ಕಾಯ್ತಿದ್ದಾರೆ" ಅನ್ನುವ ಅರ್ಥದಲ್ಲಿ ಏನೋ ಅಂದು ಮೊಣಕೈ ಹಿಡಿದು ಕರೆದುಕೊಂಡು ಹೋದಳು. ಅರವತ್ತೆರಡು ವರ್ಷದಲ್ಲಿ ನನ್ನನ್ನು ಸ್ವೀಟಿ ಅಂದವರು ಅವಳೊಬ್ಬಳೇ.

ಹ್ಯೂಸ್ಟನ್

ಹ್ಯೂಸ್ಟನ್ನಿನ ಸೆಕೆ ಮಂಗಳೂರಿನ ಸೆಕೆಯ ಅಣ್ಣ. ಫೋನಿನ ಪ್ರಕಾರ ಬಸ್ಸಿಳಿದಲ್ಲಿಂದ ಅಂಗಡಿ ಒಂದೂವರೆ ಮೈಲಿ. ನಡೆದರಾಯಿತು ಎಂದು ಹೊರಟೆ. ಅದೇ ನಾನು ಮಾಡಿದ ತಪ್ಪು. ಸ್ವಲ್ಪ ದೂರಕ್ಕೆ ಫುಟ್‌ಪಾತ್ ಹೇಳದೆ ಕೇಳದೆ ಮುಗಿದುಹೋಯಿತು. ಆಮೇಲೆ ಹುಲ್ಲು, ಮೋರಿ, ಭರ್ರೆಂದು ಹೋಗುವ ಟ್ರಕ್ಕುಗಳು. ಸೀರೆಯ ನೆರಿಗೆ ಎತ್ತಿಕೊಂಡು ಮೋರಿಯ ಅಂಚಿನಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಪೊಲೀಸ್ ಕಾರು ಬಂದು ನಿಂತಿತು. ಮಹಿಳಾ ಪೊಲೀಸು. ದಾರಿ ತಪ್ಪಿದ್ದೀರಾ, ಕಾರು ಕೆಟ್ಟಿದೆಯಾ, ಯಾರಾದರೂ ಮನೆಯಿಂದ ಹೊರಹಾಕಿದರಾ ಎಂದು ಕೇಳಿದಳು. ಸುಮ್ಮನೆ ನಡೆದು ಹೋಗುತ್ತಿದ್ದೇನೆ ಎಂದರೆ ನಂಬಲಿಲ್ಲ. ವಿಳಾಸ ಓದಿ, ಹತ್ತಿ ಎಂದು ಹಿಂದಿನ ಸೀಟಿಗೆ ಕೂರಿಸಿಕೊಂಡಳು. ನನ್ನ ಮುಂದೆ ಜಾಲರಿ. ಕಳ್ಳಿಯ ಹಾಗೆ ಕೂತು ಹೋದೆ.

ಹೊಸಮನಿಯವರ ತಮ್ಮನ ದಿನಸಿ ಅಂಗಡಿಯ ಮುಂದೆ ಪೊಲೀಸ್ ಕಾರು ನಿಂತದ್ದು ಹೀಗೆ. ಗಲ್ಲಾದಲ್ಲಿ ಕೂತಿದ್ದ ಹೆಂಗಸು ಎದ್ದು ನಿಂತರು. ಮುಖ ಬಿಳಿಚಿತ್ತು. ನಾನು ಬಾಗಿಲು ದಾಟುವ ಮೊದಲೇ, ನಾನು ಯಾರೆಂದು ಕೇಳುವ ಮೊದಲೇ, ಕನ್ನಡದಲ್ಲಿ ಒಂದೇ ಉಸಿರಿಗೆ ಅಂದರು, "ಭಾವಾರು ಇಲ್ಲಿಲ್ಲರಿ. ಬಿಟ್ಟು ಹೋಗ್ಯಾರ."

ಒಂಬತ್ತು ವರ್ಷದಿಂದ ಆ ಮನೆಯವರು ಪ್ರತಿ ಪೊಲೀಸ್ ಕಾರನ್ನೂ ಹಾಗೇ ನೋಡಿದ್ದರು ಎಂಬುದು ನನಗೆ ಆಗ ಹೊಳೆಯಿತು. ಮಹಿಳಾ ಪೊಲೀಸು ನಗುತ್ತಾ ಟಾಟಾ ಮಾಡಿ ಹೋದಮೇಲೂ ಗಲ್ಲಾದ ಹೆಂಗಸು ರಸ್ತೆಯನ್ನೇ ನೋಡುತ್ತಿದ್ದರು. ಅವರೇ ತಮ್ಮನ ಹೆಂಡತಿ, ಶಕುಂತಲಾ. ನನ್ನ ಹೆಸರು ಹೇಳಿದೆ.

"ಆ ಮೇಡಮ್ಮಾರು ನೀವ ಏನು?" ಎಂದರು. ಮತ್ತೆ ಗಲ್ಲಾಕ್ಕೆ ಹೋಗಿ ಕೂತರು.

ಆದರೂ ಉತ್ತರ ಕರ್ನಾಟಕದ ಹೆಣ್ಣುಮಗಳು. ಬೈಯುವವರನ್ನೂ ಉಣಿಸಿಯೇ ಬೈಯುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾಕಿದರು. ನಾನು ಎರಡನೆಯ ರೊಟ್ಟಿ ಮುರಿಯುವಾಗ ಬಾಯಿ ಬಿಟ್ಟರು.

"ನಮ್ಮ ಭಾವಾರು ಇಲ್ಲೇ ಮೂರು ವರ್ಷ ಇದ್ರರಿ. ಹಬ್ಬಕ್ಕ ನಾಕು ಮಂದಿ ಸೇರಿದ್ರ ಸಾಕು, ಇವರೇನಾ ಊರು ಬಿಟ್ಟು ಓಡಿ ಬಂದವ್ರು ಅಂತ ಪಿಸಿಪಿಸಿ. ಒಮ್ಮೆ ಒಬ್ಬಾವ ಊಟದ ಸಾಲಿನ್ಯಾಗ ಎದುರಿಗೇ ಕೇಳಿಬಿಟ್ಟ, ಹೇಡಿಗೋಳಿಗೂ ಹೋಳಿಗಿ ಹಾಕ್ತೀರೇನು ಅಂತ. ನಗಾಡ್ಕೊಂತನ ಕೇಳಿದ ಬಿಡ್ರಿ. ಇವರು ತಾಟು ಅಲ್ಲೇ ಇಟ್ಟು ಎದ್ದು ಬಂದ್ರು. ಮರುವಾರ ಟೇಲರ್ ಅಂತ ಆಸ್ಟಿನ್ ಕಡೆ ಒಂದು ಸಣ್ಣ ಊರದ, ಅಲ್ಲಿಗೆ ಹೋದ್ರು. ಅಲ್ಲೊಂದು ಮೋಟೆಲ್‌ನ್ಯಾಗ ಕೆಲಸ. ಯಾರೂ ಕನ್ನಡದವ್ರು ಇಲ್ಲದ ಊರು ಬೇಕು ಅಂದ್ರು."

ಆ ಹೇಡಿ ಎಂಬ ಮಾತು ನನ್ನ ಹೇಳಿಕೆಯಿಂದಲೇ ಪತ್ರಿಕೆಗೆ ಹೋಗಿ, ಪತ್ರಿಕೆಯಿಂದ ಹ್ಯೂಸ್ಟನ್ನಿನ ಊಟದ ಸಾಲಿಗೆ ಬಂದಿತ್ತು. ನೀರು ಕೇಳಿದೆ.

ಶಕುಂತಲಾ ಹೊಸಮನಿಯವರಿಗೆ ಫೋನ್ ಮಾಡಿ ನಾನು ಬಂದಿರುವುದನ್ನು ತಿಳಿಸಿದರು. ಆ ಕಡೆಯಿಂದ ಅವರು ಏನೋ ಹೇಳಿದರು. "ಬುಧವಾರ ರಜಾ ಅದಂತ. ಆಸ್ಟಿನ್‌ನ್ಯಾಗ ಅದೊಂದು ದೊಡ್ಡ ಗುಮ್ಮಟದ ಗೌರ್ಮೆಂಟ್ ಕಟ್ಟಡ ಅದ ನೋಡ್ರಿ, ಅಲ್ಲಿಗೆ ಬರ್ರಿ ಅಂದ್ರು" ಎಂದು ಹೇಳಿ ಆಕೆ ನನ್ನ ಡಬ್ಬಿಗೆ ನಾಲ್ಕು ರೊಟ್ಟಿ ಕಟ್ಟಿಕೊಟ್ಟರು. "ಭಾವಾರಿಗೆ" ಎಂದು ಒತ್ತಿ ಹೇಳಿದರು.

ಆಸ್ಟಿನ್

ಬುಧವಾರ ಬಸ್ಸಿನಲ್ಲಿ ಆಸ್ಟಿನ್ನಿಗೆ ಹೋದೆ. ಟೆಕ್ಸಾಸಿನ ಶಾಸನಸಭೆ ಕೂರುವ ಕಟ್ಟಡ ಅದು. ಕೆಂಪು ಛಾಯೆಯ ಕಲ್ಲು. ಬಾಗಿಲಲ್ಲಿ ಬ್ಯಾಗನ್ನು ಯಂತ್ರದೊಳಗೆ ತೂರಿಸಿದರು, ಅಷ್ಟೇ. ಯಾರನ್ನು ಕಾಣಬೇಕು, ಪಾಸ್ ಎಲ್ಲಿ, ಯಾರು ಕಳಿಸಿದರು ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಜಿಲ್ಲಾ ಕಚೇರಿಯ ಜವಾನನಿಗಿದ್ದ ಗತ್ತು ಇಲ್ಲಿನ ಪೊಲೀಸರಿಗಿರಲಿಲ್ಲ. ಒಳಗೆ ತಣ್ಣಗಿತ್ತು. ಸ್ಕೂಲಿನ ಮಕ್ಕಳು ಗುಮ್ಮಟದ ಕೆಳಗೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದರು.

ಹೊಸಮನಿಯವರು ಒಂದು ಕಾರಿಡಾರಿನ ಬೆಂಚಿನ ಮೇಲಿದ್ದರು. ಕಚೇರಿಯಲ್ಲಿದ್ದಾಗ ದಪ್ಪ ಮೀಸೆ ಇತ್ತು, ಈಗಿಲ್ಲ. ಶರ್ಟು ಮಾತ್ರ ಅವತ್ತಿನಂತೆಯೇ ಇಸ್ತ್ರಿಯಾಗಿತ್ತು, ಜೇಬಿನಲ್ಲಿ ಎರಡು ಪೆನ್ನು. ನನ್ನನ್ನು ಕಂಡು ಎದ್ದು ನಿಂತರು. ಹಾಳು ಅಭ್ಯಾಸ, ಅಧೀಕ್ಷಕಿ ಬಂದರೆ ಏಳಬೇಕು.

"ದಾರಿ ಸಿಕ್ತೇನ್ರಿ ಮೇಡಂ? ಕುಂದರ್ರಿ. ಇಲ್ಲಿ ಯಾರೂ ಏನೂ ಕೇಳಂಗಿಲ್ಲ. ರಜಾ ಇದ್ದಾಗ ನಾ ಬಂದು ಕುಂದರ್ತೀನಿ. ಒಂಥರಾ ಆಫೀಸಿನ ವಾಸನಿ ಬರ್ತದ."

ಡಲ್ಲಾಸಿನಿಂದ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. "ಹೊಸಮನಿಯವರೇ, ಆ ಮೊಹರು..." ಎಂದೆ.

"ಗೊತ್ತದರಿ."

"ಏನು ಗೊತ್ತು?"

"ನನ್ನ ಕಡೆ ಇರೋ ಝೆರಾಕ್ಸ್‌ನ್ಯಾಗ ಮೊಹರಿಲ್ಲ. ವಕೀಲರು ಕೇಸಿನ ಕಾಗದ ಕಳಿಸಿದ್ರು, ಅದರಾಗ ಅದ. ಅಂಕಿ ಮ್ಯಾಲೇ ಕುಂತದ. ಹಂಗ ಅಂಕಿ ಮ್ಯಾಲೆ ಒತ್ತಾವ್ರು ಇಡೀ ಜಿಲ್ಲಾದಾಗ ನೀವೊಬ್ರರಿ." ಸ್ವಲ್ಪ ನಕ್ಕರು. "ನನಗೂ ನೀವ ಕಲಿಸಿದ್ರಿ."

"ಗೊತ್ತಿದ್ದೂ ಯಾಕೆ ಬಾಯಿ ಬಿಡಲಿ‌ಲ್ಲ?"

"ಬಿಟ್ಟಿದ್ರ ನಿಮ್ಮನ್ನ ಹಿಡೀತಿದ್ರು. ಸಾಹೇಬರು ಬಾಯಿಮಾತಿನ್ಯಾಗ ಹೇಳಿರ್ತಾರ, ಕಾಗದದ ಮ್ಯಾಲೆ ಏನಿರ್ತದ? ನೀವು ಅಲ್ಲಿದ್ರಿ, ಒಬ್ರೇ. ನಾ ಇಲ್ಲಿ ದೂರ ಇದ್ದೆ. ನನಗೇನ್ ಮಾಡ್ತಿದ್ರು ಅವ್ರು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಒಂಬತ್ತು ವರ್ಷ ಈ ಮಹಾನುಭಾವರು ಪರದೇಶದಲ್ಲಿ ಕೂತು ನನ್ನನ್ನು ಕಾಪಾಡಿದ್ದಾರೆ, ನಾನು ಅವರನ್ನು ಹೇಡಿ ಎಂದು ಬರೆದುಕೊಟ್ಟು ಬಡ್ತಿ ತಿಂದಿದ್ದೇನೆ! ಗದರಿದ ದನಿಯಲ್ಲೇ ಹೇಳಿದೆ, "ನಿಮ್ಮನ್ನ ಹೇಡಿ ಅಂತ ಹೇಳಿಕೆ ಕೊಟ್ಟವಳು ನಾನು. ಅದಾದರೂ ಗೊತ್ತೋ ಇಲ್ಲವೋ?"

"ಓದೀನಿ. ಅದರಾಗ ಸುಳ್ಳೇನದ್ರಿ? ಅಂಜಿಕೊಂಡೇ ಓಡಿ ಬಂದೆ." ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಹೇಳಿದರು. "ಸುದ್ದಿ ಬಂದ ಮರುದಿನ ಇಬ್ರು ಬೈಕ್ ಮ್ಯಾಲೆ ಬಂದು ನಮ್ಮ ಮನಿ ಎದುರು ಕುಂತ್ರು. ಬೈಲಿಲ್ಲ, ಬಡೀಲಿಲ್ಲ. ಸುಮ್ನ ನೋಡ್ತಿದ್ರು. ಎರಡನೇ ದಿನಾನೂ ಹಂಗ. ಆ ರಾತ್ರಿನ ಟಿಕೆಟ್ ಮಾಡಿಸಿದೆರಿ. ಆ ಹಳ್ಳಿ ಮಂದಿ ಕೈಕಾಲ ಮ್ಯಾಲಿನ ಹುಣ್ಣು ನೋಡಿದ್ದೆ, ಅದಕ್ಕ ಪೇಪರಿಗೆ ಕೊಡೋ ಧೈರ್ಯ ಬಂತು. ಅಲ್ಲೇ ಕುಂದ್ರೋ ಧೈರ್ಯ ಬರಲಿಲ್ಲ."

ನನಗೆ ಕೂರುವ ಧೈರ್ಯ ಇತ್ತೇ? ಮೈಸೂರಿನಲ್ಲಿ ತಂಗಿಯ ಮನೆ ಬಿಟ್ಟರೆ ನನಗೆ ಹೋಗಲು ಜಾಗವಿರಲಿಲ್ಲ, ಅಷ್ಟೇ. ಅದನ್ನೇ ಧೈರ್ಯ ಅಂದುಕೊಂಡರು, ನಾನೂ ಹೌದೆಂದು ತಲೆಯಾಡಿಸಿದೆ. ಅವರಿಗೆ ಅದನ್ನೂ ಹೇಳಿದೆ. ಹೇಳುವಾಗ ಅಳು ಬಂತು. ಹೊಸಮನಿಯವರು ಬೇರೆ ಕಡೆ ನೋಡುತ್ತಾ ಕೂತರು.

ಊರಿಗೆ ಬರಲು ಆಗುವುದೇ ಇಲ್ಲವೇ ಎಂದು ಕೊನೆಗೆ ಕೇಳಿದೆ. ಇಲ್ಲಿ ಆಶ್ರಯ ಕೇಳಿ ಹಾಕಿದ ಅರ್ಜಿ ವರ್ಷಗಳಿಂದ ಹಾಗೇ ಬಿದ್ದಿದೆಯಂತೆ. ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ, ಊರಲ್ಲಿ ಇಳಿದರೆ ಹಿಡಿಯುತ್ತಾರೆ.

"ಅದು ಗೌಪ್ಯ ದಾಖಲೆಯಾಗಿರಲಿಲ್ಲ ಅಂತ ಸಾಬೀತಾದರೆ?"

"ಆವಾಗ ಕೇಸು ನಿಲ್ಲಂಗಿಲ್ಲ ಅಂತಾರ ವಕೀಲರು. ಇಲಾಖಾದವ್ರು ಏನರ ಶಿಕ್ಷಾ ಕೊಡ್ತಾರ, ಕೊಡ್ಲಿ." ಜೇಬಿನ ಪೆನ್ನುಗಳನ್ನು ಸರಿಮಾಡಿಕೊಂಡರು. "ಮೊಮ್ಮಗಳಿಗೆ ಆರು ವರ್ಷ ಆತ್ರಿ. ಫೋನಿನ್ಯಾಗಷ್ಟ ನೋಡೀನಿ."

ಅವರು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು. ಡಬ್ಬಿ ತೆಗೆದು ಶಕುಂತಲಾ ಕೊಟ್ಟ ರೊಟ್ಟಿ ಅವರ ಕೈಗಿಟ್ಟೆ.

ಟೇಲರ್

ಅವರ ಹಳೆಯ ಕಾರಿನಲ್ಲಿ ಟೇಲರ್‌ಗೆ ಹೋದೆವು. ಊರ ಹೊರಗೆ ಕಂಪ್ಯೂಟರ್ ಚಿಪ್ ತಯಾರಿಸುವ ಭಾರಿ ಕಾರ್ಖಾನೆ, ಆಕಾಶದ ತುಂಬ ಕ್ರೇನುಗಳು. ಅಲ್ಲಿ ಕೆಲಸಕ್ಕೆ ಬಂದವರೆಲ್ಲ ಹೊಸಮನಿಯವರ ಮೋಟೆಲಿನಲ್ಲಿ ಇಳಿಯುತ್ತಾರೆ. ಬೆಳಗ್ಗೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು, ನಿಂತೇ ತಿಂಡಿ ತಿಂದು, "ಮಾರ್ನಿಂಗ್, ಮಿಸ್ಟರ್ ಬಸ್" ಎಂದು ಬಸವರಾಜ ಹೆಸರನ್ನು ಮೊಟಕು ಮಾಡಿ ಕೂಗಿ ಹೋಗುತ್ತಾರೆ. ಕಂಪ್ಯೂಟರ್ ಇದ್ದರೂ ಇವರು ಪಕ್ಕದಲ್ಲೊಂದು ದಪ್ಪ ರಿಜಿಸ್ಟರ್ ಇಟ್ಟುಕೊಂಡು ಬಂದವರ ಹೆಸರನ್ನೆಲ್ಲ ಗೆರೆ ಹಾಕಿ ಬರೆಯುತ್ತಾರೆ. ಅದನ್ನು ಯಾರೂ ಕೇಳುವುದಿಲ್ಲ. ಇವರ ಕೋಣೆಯಲ್ಲಿ ಒಂದು ಮಂಚ, ಒಂದು ಕುಕ್ಕರ್, ಗೋಡೆಗೆ ಊರಿನ ಕ್ಯಾಲೆಂಡರ್. ಕನ್ನಡದವರಿಲ್ಲದ ಊರು ಬೇಕೆಂದು ಬಂದವರು ಆ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆ ನೋಡಿಕೊಂಡು ಬದುಕುತ್ತಿದ್ದರು.

ತಿಂಡಿಯ ಮೇಜಿನ ಮೇಲೆ ನಾನು ಹೇಳಿಕೆ ಬರೆಯಲು ಕೂತೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಶುರುಮಾಡಿದರೆ ಸಾಕು, ಕೈ ತಾನಾಗಿಯೇ ಓಡುತ್ತದೆ. ಎರಡು ಪುಟವಾಯಿತು. ಹೊಸಮನಿಯವರು ಹಳೆಯ ಕಾಲದಂತೆ ಕರಡನ್ನು ಪೆನ್ನಿನ ತುದಿ ಹಿಡಿದು ಓದಿದರು.

"ಮೊಹರು ಆಮ್ಯಾಲೆ ಬಿದ್ದದ್ದು ಅಂತ ಅದ. ಯಾರು ಒತ್ತಿದ್ರು ಅಂತ ಇಲ್ಲರಿ."

ಬೇಕೆಂದು ಬಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಜಾಗಕ್ಕೆ ಬಂದಾಗ ಪೆನ್ನು ಅದನ್ನು ದಾಟಿ ಮುಂದೆ ಹೋಗಿತ್ತು.

"ಹಂಗ ಇರ್ಲಿ ಬಿಡ್ರಿ" ಎಂದರು. "ಕೇಸಿಗೆ ಇಷ್ಟ ಸಾಕು. ಈ ವಯಸ್ಸಿನ್ಯಾಗ ನಿಮಗ್ಯಾಕ ತ್ರಾಸು?"

ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ನಾನು ಹಾಗೇ ಇರಲಿ ಎಂದೇ ಕೂತಿದ್ದೆ. ಆಮೇಲೆ ನಮ್ಮ ಕಚೇರಿಯ ನೆನಪಾಯಿತು. ಕಡತದಲ್ಲಿ ಹೆಸರಿಲ್ಲದೆ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ, ಕೊನೆಗೆ ಅಲ್ಲಿಗೆ ಎಲ್ಲರಿಗಿಂತ ಚಿಕ್ಕವನ ಹೆಸರು ಬಂದು ಕೂರುತ್ತದೆ. ನಮ್ಮ ಜವಾನ ಯಲ್ಲಪ್ಪನಿಗೆ ಇನ್ನೂ ನಾಲ್ಕು ವರ್ಷ ಸರ್ವೀಸು ಇತ್ತು. ಹಾಳೆ ಹರಿದು ಮತ್ತೆ ಬರೆದೆ. ಬೀಗ ನನ್ನದು, ಕೈ ನನ್ನದು, ಹೇಳಿದವರು ಇವರು ಎಂದು ಸಾಹೇಬರ ಹೆಸರನ್ನೂ ಸೇರಿಸಿದೆ. ಹೊಸಮನಿಯವರನ್ನು ಹೇಡಿ ಎಂದ ಹೇಳಿಕೆಯನ್ನು ವಾಪಸ್ ಪಡೆಯುತ್ತೇನೆ ಎಂದೂ ಬರೆದೆ.

ಇಲ್ಲಿ ನೋಟರಿ ಅಂದರೆ ಪಾರ್ಸೆಲ್ ಅಂಗಡಿಯಲ್ಲೇ ಇರುತ್ತಾರೆ. ಮೊದಲ ಅಂಗಡಿಯವನು ಅಕ್ಷರ ಅರ್ಥವಾಗುವುದಿಲ್ಲ ಎಂದು ಕೈಯೆತ್ತಿಬಿಟ್ಟ. ಎರಡನೆಯದರಲ್ಲಿ ನನ್ನ ವಯಸ್ಸಿನ ಹೆಂಗಸು, ಕನ್ನಡಕ ಸರದಲ್ಲಿ ನೇತಾಡುತ್ತಿತ್ತು. ಇದನ್ನು ಓದಬೇಕಾದವಳು ನಾನಲ್ಲ, ಬರೆದದ್ದು ನಿಜವೆಂದು ಹೇಳಬೇಕಾದವರು ನೀವು ಎಂದಳು. ಕೆಳಗೆ ಎರಡು ಸಾಲು ಇಂಗ್ಲಿಷ್ ಸೇರಿಸಿ, ಪಾಸ್‌ಪೋರ್ಟ್ ನೋಡಿ, ಬಲಗೈ ಎತ್ತಿ ಎಂದಳು.

ಪ್ರಮಾಣಪತ್ರಗಳನ್ನು ನಾನು ಸಾವಿರಗಟ್ಟಲೆ ಕಂಡವಳು. ನಮ್ಮ ಕೋರ್ಟಿನ ಮುಂದಿನ ಮರದ ಕೆಳಗೆ ಟೈಪಿಸ್ಟು ಪ್ರಮಾಣವನ್ನೂ ತಾನೇ ಹೊಡೆದುಕೊಡುತ್ತಾನೆ, ಮಾಡುವವರು ಬೀಡಿ ಸೇದುತ್ತಾ ಸಹಿ ಹಾಕುತ್ತಾರೆ. ಕೈ ಎತ್ತಿದವರನ್ನು ನೋಡಿಯೇ ಇರಲಿಲ್ಲ. ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿಗಳ ನಡುವೆ ನಿಂತು ಕೈ ಎತ್ತಿದೆ. ಇದೆಲ್ಲ ಸತ್ಯವೇ ಎಂದು ಆಕೆ ಕೇಳಿದಳು. ಹೌದು ಎಂದೆ.

ಅಲ್ಲಿಂದಲೇ ಒಂದು ಪ್ರತಿ ಇಲಾಖೆಗೆ, ಒಂದು ಪ್ರತಿ ವಕೀಲರಿಗೆ ಹೋಯಿತು. ಹೊಸಮನಿಯವರು ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದೆ. ಬಸ್ಸು ಹತ್ತಿಸುವಾಗ, "ಒಬ್ರೇ ಹೋಗ್ತೀರಲ್ರಿ ಮೇಡಂ" ಎಂದರು. ಬಸ್ಸು ತಿರುಗುವವರೆಗೂ ಬಿಸಿಲಲ್ಲೇ ನಿಂತಿದ್ದರು.

ಮತ್ತೆ ಡಲ್ಲಾಸ್

ಅನಘಾಳಿಗೆ ಎಲ್ಲವನ್ನೂ ಹೇಳಿದೆ. ಮೊಹರಿನ ವಿಷಯವನ್ನೂ ಬಿಡಲಿಲ್ಲ. ಬಾಯಿ ತೆರೆದುಕೊಂಡು ಕೇಳಿದಳು.

"ಬಟ್ ಅಜ್ಜಿ, ಐ ಸ್ಟಿಲ್ ಹ್ಯಾವ್ ಟು ಸೇ ಹೀ ಈಸ್ ಅ ಕವರ್ಡ್."

"ಹೇಳು. ಓಡಿದವನಿಗೆ ಭಯ ಇತ್ತು ಅಂತ ಹೇಳು, ನಿಜವೇ. ನಿಂತವರಿಗೆ ಎಷ್ಟು ಭಯ ಇತ್ತು ಅಂತ ಯಾರೂ ಕೇಳಲಿಲ್ಲ, ಅದನ್ನೂ ಹೇಳು."

ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. ಅದು ಎದುರು ತಂಡದ ಪಾಯಿಂಟ್ ಆಗುತ್ತದಂತೆ, ಹೇಳುವಂತಿಲ್ಲವಂತೆ. ಸ್ಪರ್ಧೆಯಲ್ಲಿ ಗೆದ್ದಳು. ನಾನು ಚಪ್ಪಾಳೆ ತಟ್ಟಿದೆ.

ಊರು

ಊರಿಗೆ ವಾಪಸ್ ಬಂದ ಐದನೆಯ ವಾರಕ್ಕೆ ಇಲಾಖೆಯಿಂದ ರಿಜಿಸ್ಟರ್ಡ್ ಪೋಸ್ಟ್ ಬಂತು. ಖುದ್ದು ಹಾಜರಾಗಿ ಹೇಳಿಕೆ ನೀಡತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು. ಎಷ್ಟೋ ಜನರಿಗೆ ಇದೇ ಒಕ್ಕಣೆಯನ್ನು ನಾನೇ ಟೈಪ್ ಮಾಡಿಸಿ ಕಳಿಸಿದ್ದೆ. ಓದುವವರಿಗೆ ಅದು ಹೇಗೆ ಕೇಳಿಸುತ್ತದೆಂದು ತಿಳಿದಿರಲಿಲ್ಲ. ಹಗಲಲ್ಲೇ ಬಾಗಿಲ ಚಿಲಕ ಹಾಕಿದೆ. ವೀಣಾಳ ಮನೆಯ ಮಹಡಿಯ ಕೋಣೆ ಖಾಲಿ ಇದೆ, ವೀಸಾ ಇನ್ನೂ ಎಷ್ಟೋ ವರ್ಷ ಇದೆ, ನಾಳೆಯೇ ಹೊರಟರೆ ಯಾರು ತಡೆಯುತ್ತಾರೆ ಎಂದು ಲೆಕ್ಕ ಹಾಕಿದೆ. ಆ ಮಧ್ಯಾಹ್ನ ಕುರ್ಚಿಯಲ್ಲಿ ಕೂತುಕೊಂಡೇ ನಾನು ಎಷ್ಟು ಸಲ ಓಡಿದೆನೋ.

ಸಂಜೆ ಟೇಲರ್‌ಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. "ಅಂಜಿಕೆ ಆಗ್ತಿದೆ ಹೊಸಮನಿಯವರೇ" ಎಂದೆ.

"ಮನಿಯಾಗ ಯಾರರ ಅದಾರೇನ್ರಿ?"

"ಯಾರೂ ಇಲ್ಲ."

"ಹಂಗಾದ್ರ ಫೋನ್ ಇಡಬ್ಯಾಡ್ರಿ."

ನಾನು ಇಡಲಿಲ್ಲ. ಯಾರೋ ಬೀಗದ ಕೈ ಕೇಳಿದ್ದು, ಇವರು ಕೊಟ್ಟದ್ದು, ಬಾಗಿಲು ಮುಚ್ಚಿದ್ದು ಕೇಳಿಸುತ್ತಿತ್ತು.

ಹೇಳಿದ ದಿನ ಹೋದೆ. ವಿಚಾರಣಾಧಿಕಾರಿ ನನ್ನ ಹಳೆಯ ಹೇಳಿಕೆಯನ್ನು ಮುಂದಿಟ್ಟುಕೊಂಡು ಕೂತಿದ್ದರು, ಮೂವತ್ತರ ಆಸುಪಾಸಿನ ಹುಡುಗ. "ಹೊಸಮನಿ ಹೇಡಿ ಅಂತ ನೀವೇ ಹೇಳಿದ್ದೀರಲ್ಲ ಮೇಡಂ. ಈಗ ಏನು ಬದಲಾಯ್ತು?" ಎಂದು ಕೇಳಿದರು. ಪಕ್ಕದಲ್ಲಿ ಗುಮಾಸ್ತೆಯೊಬ್ಬಳು ಪೆನ್ನು ಹಿಡಿದು ಕಾಯುತ್ತಿದ್ದಳು.

"ಅವತ್ತು ಹೆದರಿದವರು ಇಬ್ಬರು ಸಾರ್. ಒಬ್ಬರು ಮಾಡಬೇಕಾದ್ದು ಮಾಡಿ ಆಮೇಲೆ ಓಡಿದರು. ಇನ್ನೊಬ್ಬಳು ಇದ್ದಲ್ಲೇ ಕೂತು ಮೊಹರು ಒತ್ತಿದಳು. ಹೇಡಿ ಅನ್ನೋ ಮಾತು ದಾಖಲೆಯಲ್ಲಿ ಇರಲೇಬೇಕು ಅಂದರೆ ಇರಲಿ, ಹೆಸರು ಮಾತ್ರ ತಿದ್ದಿಕೊಳ್ಳಿ" ಎಂದೆ. ಗುಮಾಸ್ತೆ ತಲೆಯೆತ್ತಿ ನೋಡಿದಳು. ಅವಳು ಬರೆದುಕೊಳ್ಳುವಷ್ಟು ನಿಧಾನವಾಗಿ, ತಂದೆಯ ಹೆಸರು ಸೇರಿಸಿ, ನನ್ನ ಪೂರ್ತಿ ಹೆಸರು ಹೇಳಿದೆ.